ಮುರಿದರೆ ಬೆಲೆ ತೆರಬೇಕಾದ ನಿಯಮಗಳು

ತಾಲ್ಲೂಕು ಕೇಂದ್ರಗಳಲ್ಲಿ ಭಾನುವಾರ ರಾತ್ರಿ ಹತ್ತು ಗಂಟೆಗೆ ನ್ಯಾಯಾಧೀಶರ ವಸತಿಗೃಹದ ಮುಂದೆ ಪೊಲೀಸ್ ಜೀಪು ನಿಂತಿರುವುದು ಅಪರೂಪದ ನೋಟವೇನಲ್ಲ. ಜೀಪಿನಲ್ಲಿ ಒಬ್ಬ ಆರೋಪಿ, ಅವನ ಅಕ್ಕಪಕ್ಕ ಇಬ್ಬರು ಕಾನ್‌ಸ್ಟೇಬಲ್‌ಗಳು, ಫೈಲು ಹಿಡಿದು ಗೇಟಿನ ಬಳಿ ಕಾಯುವ ಸಬ್‌ಇನ್‌ಸ್ಪೆಕ್ಟರ್. ಬೆಳಗಾದರೆ ಸೋಮವಾರ, ಕೋರ್ಟು ಹೇಗೂ ತೆರೆಯುತ್ತದೆ. ಆದರೂ ಅಷ್ಟು ಹೊತ್ತು ಕಾಯುವ ಧೈರ್ಯ ಆ ಅಧಿಕಾರಿಗೆ ಇರುವುದಿಲ್ಲ. ಸಂವಿಧಾನದ 22(2)ನೇ ವಿಧಿಯ ಪ್ರಕಾರ, ಬಂಧಿಸಿದವನನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ದಾರಿಯಲ್ಲಿ ಕಳೆಯುವ ಹೊತ್ತಿಗೆ ಮಾತ್ರ ವಿನಾಯಿತಿ. ರಜೆ, ಹಬ್ಬ, ಭಾನುವಾರಗಳಿಗೆ ಇಲ್ಲ. ಗಡುವು ದಾಟಿತೆಂದರೆ ಬಂಧನವೇ ಅಕ್ರಮವಾಗುತ್ತದೆ, ಉತ್ತರ ಕೊಡಬೇಕಾದ ಸರದಿ ಪೊಲೀಸರದಾಗುತ್ತದೆ.

ಅಪರಾಧ ನ್ಯಾಯ ವ್ಯವಸ್ಥೆ ಎಂದೊಡನೆ ನಮಗೆ ಹೊಳೆಯುವುದು ಶಿಕ್ಷೆ: ಯಾವ ತಪ್ಪಿಗೆ ಎಷ್ಟು ವರ್ಷ, ಯಾವುದಕ್ಕೆ ಗಲ್ಲು. ಕಾನೂನಿನ ಪುಸ್ತಕ ತೆರೆದರೆ ಅದರ ದೊಡ್ಡ ಪಾಲು ಬೇರೆಯೇ ವಿಷಯಕ್ಕೆ ಮೀಸಲು. ಹಿಡಿಯುವವರು ಹೇಗೆ ಹಿಡಿಯಬೇಕು, ಕೇಳುವವರು ಏನನ್ನು ಕೇಳಬಾರದು, ಶಿಕ್ಷಿಸುವವರು ಯಾವುದನ್ನು ನಂಬಬಾರದು ಎಂಬ ಕಟ್ಟುಪಾಡುಗಳೇ ಅಲ್ಲಿ ಹೆಚ್ಚು. ಈ ಕಟ್ಟುಪಾಡುಗಳಲ್ಲಿ ಎರಡು ಬಗೆ. ಮುರಿದರೆ ಸರ್ಕಾರದ ಪಕ್ಷಕ್ಕೇ ಪೆಟ್ಟು ಬೀಳುವಂಥವು ಕೆಲವು. ಮುರಿದರೂ ಯಾರಿಗೂ ಏನೂ ಆಗದಂಥವು ಕೆಲವು. ಮೊದಲ ಬಗೆಯವುಗಳಲ್ಲಿ ಕೆಲವು ಒಂದೂವರೆ ಶತಮಾನದಿಂದ ಗಟ್ಟಿಯಾಗಿ ನಿಂತಿವೆ. ಎರಡನೆಯ ಬಗೆಯವು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಬರೆಯಲ್ಪಟ್ಟು ಪ್ರತಿ ತಲೆಮಾರಿನಲ್ಲೂ ಸೋತಿವೆ.

ಮೂರು ಸಂಹಿತೆ, ಒಂದು ಸಂವಿಧಾನ

2024ರ ಜುಲೈ 1ರಂದು ದೇಶದ ಎಲ್ಲ ಠಾಣೆಗಳಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಯಿತು. ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಕೊಲೆಯ ಶಿಕ್ಷೆ ಹೇಳುತ್ತಿದ್ದ 302 ಈಗ 103. ಮೋಸಗಾರನಿಗೆ ಅಡ್ಡಹೆಸರೇ ಆಗಿಹೋಗಿದ್ದ 420 ಈಗ 318(4). ಹಳೆಯ ದಂಡ ಸಂಹಿತೆಯಲ್ಲಿ 511 ಸೆಕ್ಷನ್‌ಗಳಿದ್ದವು, ಹೊಸದರಲ್ಲಿ 358.

ಆ ಹಳೆಯ ಸಂಹಿತೆಯ ಮೊದಲ ಕರಡು 1837ರದು. 1834ರಲ್ಲಿ ನೇಮಕವಾದ ಮೊದಲ ಕಾನೂನು ಆಯೋಗದ ಅಧ್ಯಕ್ಷ ಥಾಮಸ್ ಮೆಕಾಲೆ ಅದನ್ನು ಸಿದ್ಧಪಡಿಸಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಕಡತದಲ್ಲೇ ಇತ್ತು. 1857ರ ದಂಗೆಯ ನಂತರ ಆಡಳಿತ ಕಂಪನಿಯ ಕೈಯಿಂದ ಬ್ರಿಟಿಷ್ ರಾಣಿಯ ಕೈಗೆ ಹೋದ ಮೇಲೆ, 1860ರಲ್ಲಿ ಕಾಯ್ದೆಯಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟರಲ್ಲಿ ಮೆಕಾಲೆ ತೀರಿಕೊಂಡಿದ್ದ. 1861ರಲ್ಲಿ ಮೊದಲ ದಂಡ ಪ್ರಕ್ರಿಯಾ ಸಂಹಿತೆ, 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ ಸಾಕ್ಷ್ಯ ಕಾಯ್ದೆ ಬಂದವು. ಯಾವುದು ಅಪರಾಧ, ಅದನ್ನು ಹೇಗೆ ವಿಚಾರಿಸಬೇಕು, ಯಾವುದರಿಂದ ಸಾಬೀತಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಮೂರು ಪುಸ್ತಕ. ಹೊಸ ಮೂರು ಸಂಹಿತೆಗಳೂ ಅದೇ ಹಂಚಿಕೆಯನ್ನು ಉಳಿಸಿಕೊಂಡಿವೆ.

ಈ ಮೂರರ ಕೆಳಗಿನ ಪದರ ಸಂವಿಧಾನ. ಕೃತ್ಯ ನಡೆದಾಗ ಅಪರಾಧವಾಗಿಲ್ಲದ್ದಕ್ಕೆ ಶಿಕ್ಷೆ ಕೊಡುವಂತಿಲ್ಲ, ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸಿ ಶಿಕ್ಷಿಸುವಂತಿಲ್ಲ, ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸುವಂತಿಲ್ಲ ಎಂದು 20ನೇ ವಿಧಿ ಹೇಳುತ್ತದೆ. ಕಾನೂನಿನ ಕ್ರಮವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುವುದು 21ನೇ ವಿಧಿ. ಆ ಕ್ರಮ ಹೆಸರಿಗೆ ಕ್ರಮವಾಗಿದ್ದರೆ ಸಾಲದು, ನ್ಯಾಯಯುತವೂ ಆಗಿರಬೇಕು ಎಂಬ ಅರ್ಥ ಅದಕ್ಕೆ ಬಂದದ್ದು 1978ರ ಮೇನಕಾ ಗಾಂಧಿ ತೀರ್ಪಿನಿಂದ. ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲುವ ಹಕ್ಕು 22ನೇ ವಿಧಿಯದು.

ಇಲ್ಲೊಂದು ಹೊಂದಾಣಿಕೆಯೂ ಇದೆ. ಅಪರಾಧ ಕಾನೂನು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಪೊಲೀಸ್ ಮತ್ತು ಜೈಲು ರಾಜ್ಯ ಪಟ್ಟಿಯಲ್ಲಿವೆ. ಹೀಗಾಗಿ ಕೊಪ್ಪಳದ ಇನ್‌ಸ್ಪೆಕ್ಟರ್ ಬಂಧಿಸುವುದು ಸಂಸತ್ತು ಮಾಡಿದ ಸಂಹಿತೆಯಂತೆ. ಅವರ ವರ್ಗಾವಣೆ, ಶಿಸ್ತುಕ್ರಮ, ಠಾಣೆಗೆ ಬರುವ ದುಡ್ಡು ಎಲ್ಲವೂ ವಿಧಾನಸೌಧದಿಂದ. ಕರ್ನಾಟಕ ಪೊಲೀಸ್ ಕಾಯ್ದೆ 1963ರದು. ನಿಯಮ ಬರೆಯುವವರು ಒಬ್ಬರು, ಪಾಲಿಸುವವರ ಯಜಮಾನರು ಇನ್ನೊಬ್ಬರು.

ದಿನಗಳ ಲೆಕ್ಕ

ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಅಂದರೆ ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ಕೊನೆಯಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಇದಕ್ಕೆ ಸ್ವಲ್ಪ ಸಡಿಲಿಕೆ ಕೊಟ್ಟಿದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ಯಾವ ಠಾಣೆಯಲ್ಲಾದರೂ ದೂರು ಕೊಡುವ ‘ಝೀರೋ ಎಫ್‌ಐಆರ್’ಗೆ ಈಗ ಕಾಯ್ದೆಯಲ್ಲೇ ಜಾಗ ಸಿಕ್ಕಿದೆ.

ಎಫ್‌ಐಆರ್ ಆಯಿತೆಂದರೆ ಬಂಧನ ಆಗಲೇಬೇಕು ಎಂದು ಜನ ಭಾವಿಸುತ್ತಾರೆ, ಎಷ್ಟೋ ಠಾಣೆಗಳೂ ಹಾಗೇ ನಡೆದುಕೊಂಡಿವೆ. ಕಾನೂನು ಹಾಗೆ ಹೇಳುವುದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಂಧನ ಏಕೆ ಬೇಕು ಎಂಬುದಕ್ಕೆ ಅಧಿಕಾರಿ ಕಾರಣ ಬರೆದಿಡಬೇಕು. ಇಲ್ಲದಿದ್ದರೆ ವಿಚಾರಣೆಗೆ ಬರುವಂತೆ ನೋಟಿಸ್ ಕೊಟ್ಟು ಕಳಿಸಬೇಕು. ಈ ನಿಯಮ ಪುಸ್ತಕದಲ್ಲಿ ಮೊದಲೇ ಇತ್ತು. ಅದಕ್ಕೆ ಜೀವ ಬಂದದ್ದು 2014ರ ಜುಲೈನಲ್ಲಿ, ಅರ್ನೇಶ್ ಕುಮಾರ್ ತೀರ್ಪು ಬಂದಾಗ. ಕಾರಣವಿಲ್ಲದೆ ಬಂಧಿಸಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮ, ಕಣ್ಣುಮುಚ್ಚಿ ರಿಮಾಂಡ್ ಮಾಡಿದ ಮ್ಯಾಜಿಸ್ಟ್ರೇಟರ ಮೇಲೆ ಹೈಕೋರ್ಟಿನಿಂದ ಇಲಾಖಾ ಕ್ರಮ ಎಂದು ಅದು ಎಚ್ಚರಿಸಿತು. ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸದಿದ್ದರೆ ಆ ಬಂಧನವೇ ನಿಲ್ಲುವುದಿಲ್ಲ ಎಂದು 2025ರ ಫೆಬ್ರುವರಿಯ ವಿಹಾನ್ ಕುಮಾರ್ ತೀರ್ಪು ಹೇಳಿದೆ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದ ಮೇಲೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ. ಹಳೆಯ ಸಂಹಿತೆಯಲ್ಲಿ ಅದು ಮೊದಲ 15 ದಿನಗಳಲ್ಲೇ ಮುಗಿಯಬೇಕೆಂಬ ಅರ್ಥ ರೂಢಿಯಲ್ಲಿತ್ತು. ಈಗ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ಹಂತಹಂತವಾಗಿ ಪಡೆಯಬಹುದು. ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಲು ಗಡುವು 60 ದಿನ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣವಾದರೆ 90 ದಿನ. ಮಾರನೆಯ ದಿನ ಪಟ್ಟಿ ಬಂದಿಲ್ಲವೆಂದು ಆರೋಪಿ ಅರ್ಜಿ ಹಾಕಿದರೆ ಜಾಮೀನು ಕೊಡಲೇಬೇಕು. ಪ್ರಕರಣ ಎಷ್ಟು ಗಂಭೀರ ಎಂಬ ಚರ್ಚೆಗೆ ಅಲ್ಲಿ ಎಡೆಯಿಲ್ಲ. 1898ರ ಸಂಹಿತೆಯಲ್ಲಿ ಇಂಥ ಗಡುವು ಇರಲಿಲ್ಲ. ಅರ್ಧಂಬರ್ಧ ವರದಿ ಸಲ್ಲಿಸಿ ಆರೋಪಿಯನ್ನು ಒಳಗೇ ಇಟ್ಟುಕೊಳ್ಳುವುದು ನಡೆದಿತ್ತು. 1973ರ ಸಂಹಿತೆ 60 ದಿನಗಳ ಮಿತಿ ತಂದಿತು, 1978ರ ತಿದ್ದುಪಡಿ ಅದನ್ನು 60 ಮತ್ತು 90 ಎಂದು ವಿಂಗಡಿಸಿತು. ದೊಡ್ಡ ಪ್ರಕರಣಗಳಲ್ಲಿ 89ನೇ ದಿನ ಸಾವಿರಾರು ಪುಟಗಳ ಚಾರ್ಜ್‌ಶೀಟನ್ನು ಗಂಟುಕಟ್ಟಿ ಕೋರ್ಟಿಗೆ ತರುವ ಗಡಿಬಿಡಿಗೆ ಇದೇ ಕಾರಣ.

ಪೊಲೀಸರ ಮುಂದೆ ಹೇಳಿದ ಮಾತು

‘ಆರೋಪಿ ತಪ್ಪೊಪ್ಪಿಕೊಂಡ’ ಎಂಬ ಸುದ್ದಿ ಓದಿದವರಿಗೆ ಪ್ರಕರಣ ಅಲ್ಲಿಗೆ ಮುಗಿಯಿತು ಅನಿಸುವುದು ಸಹಜ. ನ್ಯಾಯಾಲಯದಲ್ಲಿ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1861ರ ಪ್ರಕ್ರಿಯಾ ಸಂಹಿತೆಯಲ್ಲಿ ಹುಟ್ಟಿ, 1872ರಲ್ಲಿ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಆಗಿ, ಈಗ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಆಗಿ ಉಳಿದ ನಿಯಮವಿದು.

ತಮ್ಮದೇ ಪೊಲೀಸರನ್ನು ನಂಬಬಾರದು ಎಂದು ಬ್ರಿಟಿಷರೇ ಬರೆದಿಟ್ಟಿದ್ದೇಕೆ? ಅದರ ಹಿನ್ನೆಲೆ ತಿಳಿಯಲು 1855ರ ಮದರಾಸು ಚಿತ್ರಹಿಂಸೆ ಆಯೋಗದ ವರದಿ ನೋಡಬೇಕು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯುವುದಕ್ಕೂ ಕೆಳಹಂತದ ನೌಕರರು ಜನರನ್ನು ಹಿಂಸಿಸುತ್ತಿದ್ದ ಬಗೆಯನ್ನು ಆ ವರದಿ ದಾಖಲಿಸಿತು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಹೊಡೆಯಬೇಡಿ ಎಂದು ಸುತ್ತೋಲೆ ಹೊರಡಿಸುವುದಷ್ಟೇ ಆಗಿದ್ದರೆ ಆ ಕಾಗದವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಹೊಡೆದು ಬರೆಸಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಮಾಡಿದ್ದರಿಂದ ಹೊಡೆತದ ಲಾಭಕ್ಕೇ ಕತ್ತರಿ ಬಿತ್ತು.

ಪೂರ್ತಿ ಬೀಳಲಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ ಒಂದು ಕಿಂಡಿ ಬಿಟ್ಟಿತು. ಕಸ್ಟಡಿಯಲ್ಲಿದ್ದ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಸಾಕ್ಷ್ಯವಾಗಿ ಬಳಸಬಹುದು. ‘ಅವನನ್ನು ಕೊಂದ ಮಚ್ಚನ್ನು ಕೆರೆ ಏರಿಯ ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಆರೋಪಿ ಹೇಳಿದನೆನ್ನಿ. ಮಚ್ಚು ಅಲ್ಲೇ ಸಿಕ್ಕಿತು. ಆಗ ಬಚ್ಚಿಟ್ಟ ಮಾತು ಉಳಿಯುತ್ತದೆ, ಕೊಂದ ಮಾತು ಬಿದ್ದುಹೋಗುತ್ತದೆ. ಈ ಗೆರೆಯನ್ನು 1947ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಎಳೆಯಿತು. ನಮ್ಮ ತನಿಖೆಗಳಲ್ಲಿ ಮಹಜರಿಗೆ ಇಷ್ಟೊಂದು ತೂಕ ಬಂದಿರುವುದೂ, ಪಂಚರು ಕೋರ್ಟಿನಲ್ಲಿ ‘ಸಹಿ ನನ್ನದೇ, ಠಾಣೆಯಲ್ಲಿ ಹಾಕಿಸಿಕೊಂಡರು’ ಎಂದಾಗ ಪ್ರಕರಣ ಅಲುಗಾಡುವುದೂ ಇದರಿಂದಲೇ.

ಈ ನಿಯಮಕ್ಕೆ ಹೊಸ ಕಾಲದ ಪರೀಕ್ಷೆ ಎದುರಾದದ್ದು ಬೆಂಗಳೂರಿನಲ್ಲಿ. 2000ದ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಸೋಡಿಯಂ ಪೆಂಟೊಥಾಲ್ ಕೊಟ್ಟು ಆರೋಪಿಯನ್ನು ಅರೆಪ್ರಜ್ಞೆಗೆ ತಂದು ಪ್ರಶ್ನೆ ಕೇಳುವುದು, ಪಾಲಿಗ್ರಾಫ್ ಯಂತ್ರ ಜೋಡಿಸುವುದು, ಮೆದುಳಿನ ಅಲೆಗಳನ್ನು ಅಳೆಯುವುದು ನಡೆದಿತ್ತು. ಲಾಠಿಯ ಬದಲು ಸಿರಿಂಜು, ಇದು ವೈಜ್ಞಾನಿಕ ಎಂಬುದು ಪೊಲೀಸರ ವಾದ. ಕರ್ನಾಟಕದಿಂದ ಹೋದ ಮೇಲ್ಮನವಿಯೂ ಸೇರಿದ ಹಲವು ಪ್ರಕರಣಗಳನ್ನು ಒಟ್ಟಿಗೆ ಕೇಳಿ, 2010ರ ಮೇ 5ರಂದು ಸುಪ್ರೀಂ ಕೋರ್ಟ್ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಪೀಠದಲ್ಲಿ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಆರ್.ವಿ. ರವೀಂದ್ರನ್ ಅವರೂ ಇದ್ದರು. ಒಪ್ಪಿಗೆಯಿಲ್ಲದೆ ಈ ಮೂರೂ ಪರೀಕ್ಷೆಗಳನ್ನು ಯಾರ ಮೇಲೂ ನಡೆಸುವಂತಿಲ್ಲ ಎಂದಿತು ತೀರ್ಪು.

ಬೆರಳಚ್ಚು, ಕೈಬರಹದ ಮಾದರಿಯನ್ನು ಆರೋಪಿಯಿಂದ ಪಡೆಯಬಹುದು ಎಂದು 1961ರಲ್ಲೇ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಹಾಗಿದ್ದರೆ ಮಂಪರು ಪರೀಕ್ಷೆ ಏಕೆ ಬೇಡ? ಬೆರಳಿನ ಗೆರೆ ಆರೋಪಿ ಬಯಸಿದರೂ ಬಯಸದಿದ್ದರೂ ಇದ್ದಂತೆಯೇ ಇರುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳಬೇಕೋ ಬೇಡವೋ ಎಂಬುದು ಅವನ ಆಯ್ಕೆ; ಔಷಧ ಕೊಟ್ಟು ಆ ಆಯ್ಕೆಯನ್ನೇ ತೆಗೆದುಹಾಕಿದರೆ ಅದು ಒತ್ತಾಯದ ಸಾಕ್ಷಿ. ಆರೋಪಿ ಒಪ್ಪಿದರೆ ಪರೀಕ್ಷೆ ಮಾಡಬಹುದು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಆಗಲೂ ಅವನು ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. ಅದರಿಂದ ಮುಂದೆ ಪತ್ತೆಯಾದ ವಸ್ತುವಿಗೆ ಮಾತ್ರ ಬೆಲೆ.

ಸಂಶಯದ ಲಾಭ

ವಿಚಾರಣೆಯ ಹಂತದಲ್ಲಿ ಎಲ್ಲಕ್ಕೂ ಆಧಾರವಾಗಿ ನಿಂತಿರುವುದು ಸಾಬೀತುಪಡಿಸುವ ಹೊಣೆ. ಆರೋಪ ಹೊರಿಸಿದ ಸರ್ಕಾರ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಆರೋಪಿ ಬಾಯಿ ಬಿಡದೆ ಕುಳಿತರೂ ಸರಿ. ಕಣ್ಣಾರೆ ಕಂಡವರಿಲ್ಲದೆ ಸಂದರ್ಭಗಳಿಂದಲೇ ಕಟ್ಟಿದ ಪ್ರಕರಣವಾದರೆ ಆ ಸಂದರ್ಭಗಳ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಬಾರದು ಎಂದು 1984ರ ಶರದ್ ಸಾರದಾ ತೀರ್ಪು ವಿಧಿಸಿತು. ಇದಕ್ಕೆ ಅಪವಾದಗಳೂ ಬೆಳೆದಿವೆ. ವರದಕ್ಷಿಣೆ ಸಾವು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಂಥ ಪ್ರಕರಣಗಳಲ್ಲಿ ಕೆಲವು ಮೂಲ ಸಂಗತಿಗಳು ಸ್ಥಾಪಿತವಾದ ಮೇಲೆ ಹೊಣೆ ಆರೋಪಿಯ ಕಡೆಗೆ ವಾಲುತ್ತದೆ. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಅಪರಾಧಕ್ಕೆ ಹೊರಗಿನ ಸಾಕ್ಷಿ ಎಲ್ಲಿಂದ ಬರಬೇಕು ಎಂಬುದು ಅದರ ತರ್ಕ.

ಸಂತ್ರಸ್ತರ ಜಾಗ ಈ ಕಟ್ಟಡದಲ್ಲಿ ತಡವಾಗಿ ಮೂಡಿದ್ದು. ಅಪರಾಧ ನಡೆದದ್ದು ಸರ್ಕಾರದ ವಿರುದ್ಧ ಎಂಬ ಕಲ್ಪನೆಯಲ್ಲಿ ಪೆಟ್ಟು ತಿಂದವರು ಬರಿಯ ಸಾಕ್ಷಿಯಾಗಿ ಉಳಿದಿದ್ದರು. ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕು, ಪರಿಹಾರದ ಯೋಜನೆ ಅವರಿಗೆ ದಕ್ಕಿದ್ದು 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯಿಂದ.

ಬಾಗಿಲು ಮುಚ್ಚಿದ ದಿನಗಳು

ಇಷ್ಟೆಲ್ಲ ನಿಯಮಗಳು ಕೋರ್ಟಿನ ಬಾಗಿಲು ತೆರೆದಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಅದು ಮುಚ್ಚಿದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಲ್ಲೇ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗಾಗಿ ನಗರಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ಬಂಧಿತರನ್ನು ಕೋರ್ಟಿನ ಮುಂದೆ ತರುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಅವರು ಕರ್ನಾಟಕ ಹೈಕೋರ್ಟಿನಲ್ಲಿ ಹಾಕಿದರು. ಆದರೆ 21 ಮತ್ತು 22ನೇ ವಿಧಿಗಳ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನೇ ರಾಷ್ಟ್ರಪತಿಗಳ ಆದೇಶವೊಂದು ತಡೆದಿತ್ತು. ಇಂಥ ಅರ್ಜಿಗಳನ್ನು ಕೇಳಬಹುದೆಂದು ದೇಶದ ಹಲವು ಹೈಕೋರ್ಟ್‌ಗಳು ಹೇಳಿದರೂ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದಲ್ಲಿ ನಾಲ್ಕು–ಒಂದರ ಬಹುಮತದಿಂದ ಕೇಳುವಂತಿಲ್ಲ ಎಂದಿತು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ವಿಧಿಗಳು ಸಂವಿಧಾನದ ಪುಟದಲ್ಲಿ ಅಕ್ಷರ ಅಳಿಯದೆ ಹಾಗೇ ಇದ್ದವು. ಮುರಿದರೆ ಕೇಳುವವರಿರಲಿಲ್ಲ, ಅಷ್ಟೇ.

1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತುಗೊಳಿಸುವಂತಿಲ್ಲ. ಜಬಲ್ಪುರ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಪರಾಧ ಮಾಡಬಹುದೆಂಬ ಶಂಕೆಯಿಂದ ಮೊದಲೇ ಹಿಡಿದಿಡುವ ಮುನ್ನೆಚ್ಚರಿಕೆ ಬಂಧನದ ಬಾಗಿಲು ಮಾತ್ರ ಸಂವಿಧಾನದಲ್ಲೇ ಅರ್ಧ ಮುಚ್ಚಿದೆ. 24 ಗಂಟೆಯ ನಿಯಮ ಆ ಬಗೆಯ ಬಂಧನಕ್ಕೆ ಅನ್ವಯಿಸುವುದಿಲ್ಲ ಎನ್ನುತ್ತದೆ 22(3)ನೇ ವಿಧಿ. ಜನ ‘ಗೂಂಡಾ ಕಾಯ್ದೆ’ ಎಂದು ಕರೆಯುವ 1985ರ ಕರ್ನಾಟಕದ ಕಾಯ್ದೆ ನಿಂತಿರುವುದು ಈ ನೆಲೆಯ ಮೇಲೆ. ಸಲಹಾ ಮಂಡಳಿ ಒಪ್ಪಿದರೆ, ವಿಚಾರಣೆಯೇ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು.

ಬೆಲೆಯಿಲ್ಲದ ನಿಯಮಗಳು

ಇನ್ನು ಎರಡನೆಯ ಬಗೆಯ ನಿಯಮಗಳಿಗೆ ಬರೋಣ. ಶೋಧ ಹೇಗೆ ನಡೆಯಬೇಕು ಎಂಬುದಕ್ಕೆ ವಿವರವಾದ ಕ್ರಮವಿದೆ. ಕ್ರಮ ತಪ್ಪಿ ಶೋಧಿಸಿದರೂ ಸಿಕ್ಕ ವಸ್ತುವನ್ನು ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ ಎಂದು 1974ರ ಪೂರನ್ ಮಲ್ ತೀರ್ಪು ಹೇಳಿದೆ. ಹೊಸ ಸಂಹಿತೆ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ ಮಾಡಿತು. ಚಿತ್ರೀಕರಿಸದಿದ್ದರೆ ಜಪ್ತಿಗೆ ಏನಾಗುತ್ತದೆ ಎಂಬುದನ್ನು ಹೇಳದೆ ಬಿಟ್ಟಿತು. ಸೆಷನ್ಸ್ ಪ್ರಕರಣಗಳಲ್ಲಿ ವಾದ ಮುಗಿದ 30 ದಿನಗಳಲ್ಲಿ, ಕಾರಣ ಬರೆದರೆ 45 ದಿನಗಳಲ್ಲಿ ತೀರ್ಪು ಬರಬೇಕು ಎಂದಿದೆ. ಬರದಿದ್ದರೆ ಏನು ಎಂಬುದಕ್ಕೆ ಉತ್ತರವಿಲ್ಲ. ಸಾಕ್ಷಿಗಳ ವಿಚಾರಣೆ ಶುರುವಾದರೆ ದಿನದಿನವೂ ನಡೆಯಬೇಕು ಎಂಬ ಮಾತು ಹಳೆಯ ಸಂಹಿತೆಯಲ್ಲೂ ಇತ್ತು. ಕೋರ್ಟಿನ ಆವರಣದಲ್ಲಿ ವಾಯಿದೆಯಿಂದ ವಾಯಿದೆಗೆ ಅಲೆದವರಿಗೆ ಅದು ಹೇಗೆ ನಡೆದಿದೆ ಎಂದು ಹೇಳಬೇಕಿಲ್ಲ.

ವಿಳಂಬವಿಲ್ಲದ ವಿಚಾರಣೆ 21ನೇ ವಿಧಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಸಾರಿತು, ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ. 1990ರ ದಶಕದಲ್ಲಿ ಕೋರ್ಟೇ ಮುಂದಾಗಿ ಕಾಲಮಿತಿ ಹಾಕಿ, ಅದು ಮೀರಿದರೆ ಆರೋಪಿಯ ಬಿಡುಗಡೆ ಎಂದಿತು. ಅಲ್ಲಿಗೆ ಈ ಹಕ್ಕಿಗೂ ಒಂದು ಬೆಲೆ ಬಂದಿತ್ತು. ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ 2002ರ ಏಪ್ರಿಲ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ಆ ಮಿತಿಗಳನ್ನು ರದ್ದುಮಾಡಿತು. ಇಂತಿಷ್ಟೇ ದಿನ ಎಂದು ಗೆರೆ ಎಳೆಯುವುದು ಶಾಸನ ಮಾಡಿದಂತೆ, ಅದು ಶಾಸಕಾಂಗದ ಕೆಲಸ ಎಂಬುದು ಪೀಠದ ನಿಲುವು. ತತ್ವವಾಗಿ ಅದು ಸರಿಯಿರಬಹುದು. ಶಾಸಕಾಂಗ ಮಾತ್ರ ಇಂದಿಗೂ ಆ ಗೆರೆ ಎಳೆದಿಲ್ಲ.

ಪರಿಣಾಮ ಜೈಲಿನ ಲೆಕ್ಕದಲ್ಲಿ ಕಾಣುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರರಲ್ಲಿ ಸುಮಾರು 76 ಮಂದಿ. ತಪ್ಪಿತಸ್ಥನೆಂದು ಸಾಬೀತಾಗುವವರೆಗೆ ನಿರಪರಾಧಿ ಎಂಬ ತತ್ವ ಇವರ ವಿಷಯದಲ್ಲಿ ಹಗಲಿರುಳು ಸುಳ್ಳಾಗುತ್ತಿದೆ. ಜಾಮೀನು ಮಂಜೂರಾದರೂ ಪಹಣಿ ಹಿಡಿದು ಬಂದು ಸಹಿ ಹಾಕುವ ಜಾಮೀನುದಾರ ಸಿಗದೆ ಒಳಗೇ ಉಳಿದವರೂ ಇವರಲ್ಲಿದ್ದಾರೆ. ಬಡವನಿಗೆ ಅವನ ಶಕ್ತಿ ಮೀರಿದ ಜಾಮೀನು ವಿಧಿಸಬಾರದೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಹೇಳಿದ್ದರು.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಇಲ್ಲಿ ಒಂದು ಹೆಜ್ಜೆ ಇಟ್ಟಿದೆ. ಮರಣದಂಡನೆ ಅಥವಾ ಜೀವಾವಧಿಯ ಆರೋಪ ಇಲ್ಲದಿದ್ದರೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಇತರರು ಅರ್ಧವನ್ನು ಜೈಲಿನಲ್ಲಿ ಕಳೆದರೆ ಬಿಡುಗಡೆಗೆ ಅರ್ಹರು. ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರು ಇದರಿಂದ ಹೊರಗೆ. ಕೋರ್ಟಿಗೆ ಅರ್ಜಿ ಸಲ್ಲಿಸುವ ಹೊಣೆ ಜೈಲು ಅಧೀಕ್ಷಕರ ಮೇಲಿದೆ. ಅವರು ಸಲ್ಲಿಸದೆ ಹೋದರೆ? ಆ ಸೆಕ್ಷನ್ ಅಲ್ಲಿಗೆ ಮೌನ.

ಕಾನೂನು ಸಾಕಷ್ಟು ಕಠಿಣವಿಲ್ಲ ಎಂಬ ಕೂಗು ಪ್ರತಿ ಘೋರ ಅಪರಾಧದ ನಂತರ ಏಳುತ್ತದೆ, ಶಿಕ್ಷೆಯ ವರ್ಷಗಳು ಏರುತ್ತವೆ. ಮಸೂದೆಯೊಂದು ಸದನಕ್ಕೆ ಬಂದಾಗ ಅದರಲ್ಲಿ ಹುಡುಕಬೇಕಾದ ಸಾಲು ಬೇರೆ: ಪೊಲೀಸರು, ಅಭಿಯೋಜಕರು, ಕೋರ್ಟು ತಮ್ಮ ಗಡುವು ತಪ್ಪಿಸಿದರೆ ನಷ್ಟ ಯಾರಿಗೆ ಎಂದು ಅದು ಹೇಳುತ್ತದೆಯೇ? 90ನೇ ದಿನಕ್ಕೆ ಹೆದರಿ ಚಾರ್ಜ್‌ಶೀಟ್ ಬರುವುದಾದರೆ, ಸಾಕ್ಷಿಗಳ ವಿಚಾರಣೆಗೂ ಅಂಥದ್ದೊಂದು ಹೆದರಿಕೆ ಬೇಕು. ಅದನ್ನು ಬರೆಯುವ ಅಧಿಕಾರ ಸಂಸತ್ತಿನದೆಂದು ಏಳು ನ್ಯಾಯಮೂರ್ತಿಗಳು ಹೇಳಿ ಎರಡು ದಶಕ ದಾಟಿದೆ. ಮೂರೂ ಸಂಹಿತೆಗಳನ್ನು ಒಟ್ಟಿಗೆ ತಿದ್ದಿ ಬರೆದ 2023 ಅದಕ್ಕೆ ಒದಗಿದ್ದ ಒಳ್ಳೆಯ ಅವಕಾಶವಾಗಿತ್ತು; ಸಂಸತ್ತು ಅದನ್ನು ಬಳಸಿಕೊಳ್ಳಲಿಲ್ಲ.